ಬೀಜಕ್ಕ ಬಿಟ್ಟ ಸವತಿಕಾಯಿ

ಆಗಿನ್ನೂ ಶಹಾಪುರದ ಕಡೆ ಕಾಲುವಿ ಅಗಿಯೋದು ನಡೆದಿತ್ತು, ನೀರು ಬಂದಿರಲಿಲ್ಲ. ಕಾಯಿಪಲ್ಲೆ ಬೀಜ ಯಾರೂ ಅಂಗಡಿಯಾಗ ಕೊಳ್ಳತಿರಲಿಲ್ಲ. ನಮ್ಮ ಹಿತ್ತಲ ಗ್ವಾಡಿಗೆ ಅವ್ವ ಬಡಿದ ಸಗಣಿ ಕುಳ್ಳು, ಅದರೊಳಗ ಸವತಿ, ಹೀರಿ, ಕುಂಬಳದ ಬೀಜ. ಹುಳ ಹತ್ತುತಿರಲಿಲ್ಲ.

ಬಳ್ಳಿಯಾಗ ಚೊಲೋ ಕಾಯಿ ಕಂಡರ ಅವ್ವ ಅದಕ್ಕ ಹಳೇ ಸೀರಿಯ ಚಿಂದಿ ಕಟ್ಟುತ್ತಿದ್ದಳು. ಬೀಜಕ್ಕ ಬಿಟ್ಟದ್ದು ಅಂತ ಗುರುತು. ಒಮ್ಮೆ ಅಂಥಾದ್ದೊಂದು ಹರಿದು, ಉಪ್ಪು ಖಾರ ಹಚ್ಚಿ ತಿಂದೆ. ಬೆನ್ನಿಗೆ ಎರಡು ಬಿದ್ದವು.

“ಹೊಟ್ಟಿಬಾಕಿ! ಚಿಂದಿ ಕಟ್ಟಿದ್ದು ಯಾರು ಬೇಡಿದ್ರೂ ಹರಿಬಾರದು.”

ಆ ವರ್ಷ ಬಳ್ಳಿ ಒಣಗೋ ಹೊತ್ತಿಗೆ ಅವ್ವಗ ಜ್ವರ ಬಂತು. ಅಪ್ಪ ಕಾಲುವಿ ಮಣ್ಣು ಹೊರಾಕ ಹೋಗಿದ್ದ. ಮನಿಯಾಗ ನಾವಿಬ್ಬರೇ. ಐದನೇ ದಿನ ಗಂಜಿ ಗಂಗಾಳ ದೂಡಿದಳು.

“ಬಾಯಿ ಕಹಿ ಆಗ್ಯಾದ ತಂಗಿ. ಒಂದು ಸವತಿಕಾಯಿ ಹರಕೊಂಡು ಬಾ.”

“ಒಂದ ಉಳದದ ಯವ್ವಾ. ಚಿಂದಿ ಕಟ್ಟಿದ್ದು. ಇನ್ನೂ ಬೀಜ ಬಲತಿಲ್ಲ.”

“ಇರ್ಲಿ, ತಾ.”

“ತರಂಗಿಲ್ಲ. ಆಮ್ಯಾಲ ನೀನ ಬಡಿತಿ.”

ಅವ್ವ ನಕ್ಕಳು. “ಭಾಳ ಶಾಣ್ಯಾಕಿ ಆಗೀದಿ ಬಿಡು” ಅಂದು ಗ್ವಾಡಿ ಕಡೆ ಹೊರಳಿ ಮಲಗಿದಳು. ನಾ ಉಬ್ಬಿಹೋದೆ. ಹಿತ್ತಲಿಗೆ ಹೋಗಿ ಚಿಂದಿಯ ಗಂಟು ಇನ್ನಷ್ಟು ಬಿಗಿ ಮಾಡಿ ಬಂದೆ.

ಮೂರು ದಿನಕ್ಕ ಅವ್ವ ಹೋದಳು.

ಕಾಯಿ ಹಳದಿ ಆದ ಮ್ಯಾಲೆ ನಾನೇ ಹರಿದೆ. ಬೀಜ ತೊಳೆದು, ಬೂದಿಯಾಗ ಹೊರಳಿಸಿ ಒಣಗಿಸಿ, ಸಗಣಿಯೊಳಗಿಟ್ಟು ಅವ್ವನ ಕುಳ್ಳುಗಳ ಪಕ್ಕ ಬಡಿದೆ. ಅವಳ ಕೈ ಗುರುತು ದೊಡ್ಡದು, ನನ್ನದು ಸಣ್ಣದು.

ಮರುವರ್ಷ ಕಾಲುವಿಗೆ ನೀರು ಬಿಟ್ಟರು. ಊರೆಲ್ಲ ದಂಡಿಗೆ ಓಡಿತು, ನಾನೂ ಓಡಿದೆ. ಗ್ವಾಡಿಯ ಕುಳ್ಳು ಒಡೆದು ಇದ್ದಷ್ಟೂ ಬೀಜ ಊರಿದೆ. ಎರಡೆರಡು ಎಲಿ ಒಡೆದವು. ಅಷ್ಟರಾಗ ಕಾಲುವಿ ನೀರು ಜಿನುಗಿ ಜಿನುಗಿ ತಗ್ಗಿನಾಗಿದ್ದ ನಮ್ಮ ಹಿತ್ತಲು ಕೆಸರಾತು. ಬೇರು ಕೊಳೆತು ಒಂದೂ ಉಳೀಲಿಲ್ಲ.

ಈಗ ಮೊಮ್ಮಕ್ಕಳು ಪಾಕೀಟಿನ ಬೀಜ ತರತಾರ. ಅದರ ಕಾಯಿಯಿಂದ ಬೀಜ ತಗದು ಹಾಕಿದರ ಬರೋದು ಬ್ಯಾರೇನ. ತಿನ್ನೋಕಿಂತ ಮೊದಲ ತುದಿ ಕೊಯ್ದು ತಿಕ್ಕಿ ನೊರಿ ತಗೀಬೇಕು. ಅವ್ವನ ಕಾಯಿಗೆ ಆ ಗೊಡವಿ ಇರಲಿಲ್ಲ, ತೊಟ್ಟಿನ ತನಕ ಕಹಿ ಅನ್ನೋದಿರಲಿಲ್ಲ. ಆ ಬೀಜಕ್ಕಾಗಿ ಸುರಪುರದ ಸಂತಿ ತನಕ ಕೇಳೀನಿ. ಯಾರ ಹತ್ತಿರಾನೂ ಇಲ್ಲ.

ಬೀಜ ಹೋತಂತ ನಾ ಅಳಂಗಿಲ್ಲ. ಹೆಂಗೂ ಹೋಗೋದಿತ್ತು. ಬೇಡಿದಾಗ ಎರಡು ಹೋಳು ಕೊಯ್ದು ಕೊಡಬೇಕಿತ್ತು. ಆಕಿ ಕಹಿ ಬಾಯಿಲೇ ಹೋದಳು.