ಊರಿಗೆ ಹತ್ತಿರದ ಏರ್‌ಪೋರ್ಟ್ ಯಾವುದು?

ಬುಧವಾರ ಬೆಳಿಗ್ಗೆ ನಮ್ಮ ಕಂಪನಿಯ ಎಚ್‌ಆರ್‌ನಿಂದ ಒಂದು ಮೇಲ್ ಬಂತು. ಎಲ್ಲರೂ ಮೂರು ವಿಷಯ ಬರೆದು ಕಳಿಸಬೇಕು. ಹೆಸರು, ಪಾಸ್‌ಪೋರ್ಟ್ ನಂಬರ್, ಊರಿಗೆ ಹತ್ತಿರದ ಏರ್‌ಪೋರ್ಟ್. ಶುಕ್ರವಾರ ಹತ್ತು ಗಂಟೆಗೆ ಕ್ಯಾಂಟೀನಿನಲ್ಲಿ ಮೀಟಿಂಗ್. ಅಷ್ಟೇ.

ಇದರಲ್ಲಿ ಹೆದರುವುದಕ್ಕೆ ಏನಿದೆ ಎಂದು ಊರಲ್ಲಿರುವ ನಿಮಗೆ ಅನ್ನಿಸಬಹುದು. ಅಬುಧಾಬಿಯಲ್ಲಿ ಹದಿನೆಂಟು ವರ್ಷ ಕಳೆದ ನನ್ನನ್ನು ಕೇಳಿ. ಇಲ್ಲಿ ಕಂಪನಿ ನಿಮ್ಮ ಏರ್‌ಪೋರ್ಟ್ ವಿಚಾರಿಸುವುದು ಎರಡೇ ಸಲ. ಕೆಲಸಕ್ಕೆ ಕರೆಸುವಾಗ ಮತ್ತು ಕೆಲಸದಿಂದ ಕಳಿಸುವಾಗ. ನಮ್ಮನ್ನು ಕರೆಸಿ ಆಗಿದೆಯಲ್ಲ?

ನಾನು ಮುಸಫ್ಫಾದ ಒಂದು ಫ್ಯಾಬ್ರಿಕೇಷನ್ ಕಂಪನಿಯಲ್ಲಿ ಸ್ಟೋರ್‌ಕೀಪರ್. ಪಕ್ಕದ ಟೇಬಲ್ಲಿನ ಲ್ಯಾನ್ಸಿ ಉಡುಪಿ ಕಡೆಯವನು. ಕೆಟ್ಟ ಸುದ್ದಿಯನ್ನು ಎಲ್ಲರಿಗಿಂತ ಮೊದಲು ಹೇಳುವುದು ತನ್ನ ಡ್ಯೂಟಿ ಎಂದುಕೊಂಡವನು.

“ಇಷ್ಟು ಜನರಿಗೆ ಒಟ್ಟಿಗೆ ಟಿಕೆಟ್ ಎಂತಕ್ಕೆ ಮಾರಾಯ್ರೆ? ಖಲಾಸ್,” ಅಂದ.

ಹಾಳಾದ್ದು, ಹಿಂದಿನ ಸಂಜೆಯಷ್ಟೇ ನಾನು ಮಗಳ ಹಿಸ್ಟರಿ ಚಾರ್ಟಿಗೆ ಗಮ್ ಹಚ್ಚಿದ್ದೆ. ಆಯಿಶಾ ಒಂಬತ್ತನೇ ಕ್ಲಾಸು. ವಿಷಯ, ಎರಡು ಮಹಾಯುದ್ಧಗಳ ನಡುವಿನ ಜಗತ್ತು. ವರ್ಸೇಲ್ಸ್ ಒಪ್ಪಂದ, ಲೀಗ್ ಆಫ್ ನೇಷನ್ಸ್, ಜರ್ಮನಿಯಲ್ಲಿ ಒಂದು ಬ್ರೆಡ್ಡಿಗೆ ಬುಟ್ಟಿ ತುಂಬ ನೋಟು, ನ್ಯೂಯಾರ್ಕಿನಲ್ಲಿ ಕುಸಿದ ಷೇರುಪೇಟೆ, ಊರೂರಲ್ಲಿ ಕೆಲಸ ಕಳೆದುಕೊಂಡ ಜನ, ಆ ಜನರ ಸಿಟ್ಟನ್ನು ಬಳಸಿಕೊಂಡು ಮೇಲೇರಿದ ಹಿಟ್ಲರ್. ಒಂದು ಚೌಕ ಮಾತ್ರ ಖಾಲಿ ಉಳಿದಿತ್ತು. ಬ್ಯಾಂಕ್ ಮುಳುಗುತ್ತದಂತೆ ಎಂಬ ಗಾಳಿಸುದ್ದಿ ಕೇಳಿ ಅಮೆರಿಕದಲ್ಲಿ ದುಡ್ಡು ತೆಗೆಯಲು ಸಾಲು ನಿಂತ ಜನರ ಚಿತ್ರ ಅಲ್ಲಿ ಬರಬೇಕಿತ್ತು. ಪ್ರಿಂಟರಿನ ಇಂಕ್ ಮುಗಿದಿತ್ತು.

“ಸರಿಯಾಗಿದ್ದ ಬ್ಯಾಂಕೂ ಮುಳುಗಿತಾ?” ಎಂದು ಮಗಳನ್ನು ಕೇಳಿದ್ದೆ.

“ದೇ ಪ್ಯಾನಿಕ್ಡ್, ಉಪ್ಪ. ಎಲ್ಲರೂ ಒಟ್ಟಿಗೆ ಹೋದ್ರೆ ಬ್ಯಾಂಕ್ ಎಲ್ಲಿಂದ ಕೊಡ್ತದೆ?”

ಎಂಥ ಬುದ್ಧಿಗೇಡಿ ಜನ ಎಂದುಕೊಂಡು ಊಟಕ್ಕೆ ಎದ್ದಿದ್ದೆ.

ಬುಧವಾರ ಸಂಜೆ ಮನೆಗೆ ಬಂದು ಹೆಂಡತಿ ಸಫಿಯಾಳಿಗೆ ಮೇಲ್ ತೋರಿಸಿದೆ. ಅವಳು ಎರಡು ಸಲ ಓದಿದಳು. “ಕೆಲಸದಿಂದ ತೆಗೀತೇವೆ ಅಂತ ಎಲ್ಲಿ ಉಂಟು ಇದ್ರಲ್ಲಿ? ಎಚ್‌ಆರ್‌ನಲ್ಲಿ ಒಂದು ಮಾತು ಕೇಳಿ ನೋಡಿ.”

“ಕೇಳಿದ್ರೆ ಲಿಸ್ಟಿನಲ್ಲಿ ಮೊದಲ ಹೆಸರು ನಂದೇ ಆಗ್ತದೆ,” ಅಂದೆ. (ನಗಬೇಡಿ. ಇಲ್ಲಿ ನಾವ್ಯಾರೂ ಎಚ್‌ಆರ್ ಬಾಗಿಲು ತಟ್ಟುವುದಿಲ್ಲ. ನಾವು ಇದ್ದೇವೆ ಎಂದು ನಾವಾಗಿಯೇ ನೆನಪಿಸುವುದು ಯಾಕೆ?)

ಹೆಂಡತಿ, ಮಗಳ ವೀಸಾ ನನ್ನ ಕೆಲಸದ ಮೇಲೆ ನಿಂತಿದೆ. ಅದು ಹೋದರೆ ಮೂವರೂ ಹೊರಡಬೇಕು. ವರ್ಷದ ನಡುವೆ ಆಯಿಶಾಳ ಶಾಲೆ ಬಿಡಿಸಬೇಕು. ಕೂತಲ್ಲಿಂದಲೇ ಕಾರ್ಗೋದವರಿಗೆ ಫೋನ್ ಮಾಡಿದೆ. ಆಮೇಲೆ ಒದ್ದಾಡುವ ಬದಲು ಅರ್ಧ ಸಾಮಾನು ಈಗಲೇ ಹಡಗಿಗೆ ಹೋಗಲಿ ಎಂದು. ಕಂಬಳಿ, ಮಿಕ್ಸಿ, ಪಾತ್ರೆ ಎಲ್ಲ ದೊಡ್ಡ ಪೆಟ್ಟಿಗೆಗೆ ತುಂಬಿ, ಹಗ್ಗ ಬಿಗಿದು, ಆರೂ ಬದಿಗೆ ಮಾರ್ಕರಿನಲ್ಲಿ ಊರಿನ ವಿಳಾಸ ಬರೆದೆ. ಒಂದು ಗಂಟೆಯಲ್ಲಿ ವ್ಯಾನ್ ಬಂತು.

ಖಲೀಫಾ ಸಿಟಿಯ ಒಂದೇ ವಿಲ್ಲಾದಲ್ಲಿ ನಾವು ಕೆಳಗೆ, ಲ್ಯಾನ್ಸಿ ಮೇಲೆ. ಅವನು ಬಾಲ್ಕನಿಯಿಂದ ಪೆಟ್ಟಿಗೆ ನೋಡಿದ. “ನೀವೇ ಕಳಿಸಿದ್ರಿ ಅಂದ್ಮೇಲೆ ಸುದ್ದಿ ಪಕ್ಕಾ,” ಅಂದು ಮರುದಿನ ತನ್ನದನ್ನೂ ಕಳಿಸಿದ. ಸುದ್ದಿ ಕೊಟ್ಟವನೇ ಅವನು! ಅವನನ್ನು ನೋಡಿ ವೆಲ್ಡಿಂಗ್ ಶಾಪಿನ ನಾಲ್ವರು, ಅವರನ್ನು ನೋಡಿ ಪೇಂಟಿಂಗಿನವರು. ಗುರುವಾರ ಸಂಜೆಯೊಳಗೆ ಅದೇ ಕಾರ್ಗೋದವನಿಗೆ ನಮ್ಮ ಕಂಪನಿಯಿಂದ ಹನ್ನೊಂದು ಪೆಟ್ಟಿಗೆ.

ಶುಕ್ರವಾರ ಕ್ಯಾಂಟೀನಿನಲ್ಲಿ ಯಾರೂ ಚಹಾ ಮುಟ್ಟಲಿಲ್ಲ. ಮ್ಯಾನೇಜರ್ ಬಂದರು, ಕನ್ನಡಕ ಏರಿಸಿ ಕಾಗದ ಓದಿದರು. ಇಷ್ಟು ವರ್ಷ ರಜೆಗೆ ಹೋಗುವವರಿಗೆಲ್ಲ ಕಂಪನಿ ಮುಂಬೈವರೆಗೆ ಮಾತ್ರ ಟಿಕೆಟ್ ಕೊಡುತ್ತಿತ್ತು, ಮುಂದಿನದು ನಮ್ಮ ಪಾಡು. ಇನ್ನು ಮೇಲೆ ಅವರವರ ಊರಿನ ಏರ್‌ಪೋರ್ಟಿಗೇ ಟಿಕೆಟ್ ಅಂತೆ.

ಅಷ್ಟೇ? ಅಷ್ಟೇ.

ಅಲ್ಲೇ ನೀರಿನ ಕ್ಯಾನಿನ ಮೇಲೆ ಕುಳಿತುಬಿಟ್ಟೆ. ಕಣ್ಣಲ್ಲಿ ನೀರು ಬಂತು, ಬರಲಿ. ಸಫಿಯಾಳಿಗೆ ಫೋನ್ ಮಾಡಿದೆ. “ಅಲ್‌ಹಮ್ದುಲಿಲ್ಲಾ,” ಅಂದಳು. ಆಮೇಲೆ, “ಹಾಗಾದ್ರೆ ಪಾತ್ರೆ ತನ್ನಿ. ಅನ್ನವೂ ಚಹಾವೂ ಒಂದರಲ್ಲೇ ಮಾಡಿ ನನಗೆ ಸಾಕಾಯ್ತು.”

ಸಂಜೆ ಇನ್ನೊಂದು ತಲೆನೋವು. ಸೋಮವಾರ ಕೊಡಬೇಕಾದ ಚಾರ್ಟ್ ಮನೆಯಲ್ಲೆಲ್ಲೂ ಇಲ್ಲ. ಆಯಿಶಾ ಅದನ್ನು ಸುರುಳಿ ಸುತ್ತಿ ಕಂಬಳಿಗಳ ನಡುವೆ ನಿಲ್ಲಿಸಿದ್ದಳಂತೆ. ಅವಸರದಲ್ಲಿ ನಾನು ಎರಡು ಮಹಾಯುದ್ಧಗಳ ನಡುವಿನ ಇಪ್ಪತ್ತು ವರ್ಷವನ್ನೂ ಪ್ಯಾಕ್ ಮಾಡಿದ್ದೆ.

ಶನಿವಾರ ಬೆಳಿಗ್ಗೆ ಮೂವರೂ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್‌ನ ಕಾರ್ಗೋ ಗೋಡೌನಿಗೆ ಹೋದೆವು. ಪುಣ್ಯಕ್ಕೆ ಪೆಟ್ಟಿಗೆ ಇನ್ನೂ ಅಲ್ಲೇ ಇತ್ತು. ಆದರೆ ಕೌಂಟರಿನ ಮುಂದೆ ಉದ್ದದ ಸಾಲು. ಎಲ್ಲ ನಮ್ಮ ಕಂಪನಿಯವರೇ. ನನ್ನ ಮುಖ ಕಂಡದ್ದೇ ಲ್ಯಾನ್ಸಿ ಮೊಬೈಲಿನಲ್ಲಿ ತುಂಬಾ ಬ್ಯುಸಿಯಾದ.

“ಮೊನ್ನೆ ಕಳಿಸ್ಲಿಕ್ಕೂ ಯಲ್ಲಾ ಯಲ್ಲಾ, ಬೇಗ ಬೇಗ, ಇವತ್ತು ವಾಪಸ್ ಕೊಡ್ಲಿಕ್ಕೂ ಯಲ್ಲಾ ಯಲ್ಲಾ,” ಎಂದು ಕೌಂಟರಿನ ಕಾಸರಗೋಡಿನವರು ಗೊಣಗಿದರು. “ನಿಮ್ಮ ಕಂಪನಿಗೆ ಎಂತ ಆಗಿದೆ?”

ಕಂಪನಿಗೆ ಏನೂ ಆಗಿರಲಿಲ್ಲ.

ನಾನೂ ತಲೆ ತಗ್ಗಿಸಿ ಸಾಲಿನಲ್ಲಿ ನಿಂತೆ. ಹಿಂದಿನಿಂದ ಆಯಿಶಾಳ ದನಿ. “ಉಪ್ಪ, ಡೋಂಟ್ ಮೂವ್.” ಕ್ಲಿಕ್.

ಆ ಫೋಟೋ ಈಗ ಚಾರ್ಟಿನ ಖಾಲಿ ಚೌಕದಲ್ಲಿದೆ. ಟೀಚರ್ ಪೂರ್ತಿ ಮಾರ್ಕು ಕೊಟ್ಟಿದ್ದಾರೆ. ಕೆಳಗೆ ಮಗಳು ಬರೆದದ್ದು ಒಂದೇ ಸಾಲು: ಇವರು ಬರುವವರೆಗೆ ಬ್ಯಾಂಕಿಗೆ ಏನೂ ಆಗಿರಲಿಲ್ಲ.