ಅಕ್ಕನ ಹೆಸರಿನಲ್ಲಿ ಕೊಟ್ಟ ಸ್ವ್ಯಾಬ್

ಅಕ್ಕ ಫೋನಿನಲ್ಲಿ ಕೇಳಿದ ಒಂದು ಪ್ರಶ್ನೆಗೆ ನಾನು ನಿಜ ಹೇಳಲಿಲ್ಲ. ಹೇಳಿದ್ದರೆ ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಅವಳಿಗೆ ಬಾಗಿಲುಗಳು ಮುಚ್ಚುತ್ತಿರಲಿಲ್ಲ. ನಾನು ಓದಿದ್ದು ಏಳನೆಯ ಇಯತ್ತೆಯವರೆಗೆ. ಬರೆದು ರೂಢಿಯಿಲ್ಲ. ಆದದ್ದನ್ನು ಆದ ಕ್ರಮದಲ್ಲಿ ಹೇಳುತ್ತೇನೆ.

2020ರ ಮಳೆಗಾಲ. ನಾನು ಆರೋಗ್ಯ ಇಲಾಖೆಗೆ ಬಾಡಿಗೆಗೆ ಓಡುತ್ತಿದ್ದ ಒಂದು ಜೀಪಿನ ಡ್ರೈವರ್. ರೋಣದಿಂದ ಬೆಳಿಗ್ಗೆ ಹೊರಟರೆ ಒಂದು ದಿನ ಇಟಗಿ, ಒಂದು ದಿನ ರಾಜೂರ, ಬೇರೆ ಗಾಡಿ ಕೆಟ್ಟರೆ ನರಗುಂದ ದಾಟಿ ಚಿಕ್ಕನರಗುಂದದವರೆಗೂ ಹೋಗುತ್ತಿದ್ದೆ. ಜೊತೆಗೆ ಲ್ಯಾಬ್ ಟೆಕ್ನಿಷಿಯನ್ ಪ್ರಕಾಶ. ಅವರು ಜನರ ಮೂಗಿನೊಳಗೆ ಉದ್ದನೆಯ ಹತ್ತಿಕಡ್ಡಿ ಆಡಿಸಿ, ಅದನ್ನು ಸಣ್ಣ ಟ್ಯೂಬಿನಲ್ಲಿಟ್ಟು ಮುಚ್ಚುತ್ತಿದ್ದರು. ಇದಕ್ಕೆ ಸ್ವ್ಯಾಬ್ ಎನ್ನುತ್ತಾರೆ. ಟ್ಯೂಬು ಜಿಲ್ಲೆಯ ಲ್ಯಾಬಿಗೆ ಹೋಗುತ್ತಿತ್ತು. ಕೊರೊನಾ ಇದೆಯೋ ಇಲ್ಲವೋ ಎಂಬುದು ಆಮೇಲೆ ಮೊಬೈಲಿಗೆ ಬರುತ್ತಿತ್ತು.

ಪ್ರೊಡಕ್ಟಿವಿಟಿ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಇಲಾಖೆಯ ಸಂಜೆಯ ಮೀಟಿಂಗಿನಲ್ಲಿ. ಒಂದು ಗಾಡಿ ಒಂದು ದಿನಕ್ಕೆ ಎಷ್ಟು ಸ್ವ್ಯಾಬ್ ತಂದಿತು ಎಂಬ ಲೆಕ್ಕವೇ ಪ್ರೊಡಕ್ಟಿವಿಟಿ. ನೂರು ತರಬೇಕು. ಕಡಿಮೆ ತಂದ ಗಾಡಿಯ ನಂಬರನ್ನು ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ತೋರಿಸುತ್ತಿದ್ದರು. ಮೇಲಿಂದ ಮೇಲೆ ಕೆಂಪಾದ ಗಾಡಿಯನ್ನು ಬಿಡಿಸಿ ಬೇರೆಯದನ್ನು ತರುತ್ತಿದ್ದರು. ಆ ಲೆಕ್ಕ ಬರೀ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅದು ಬರುವ ಮೊದಲು ಮಧ್ಯಾಹ್ನದವರೆಗೆ ಬೇವಿನ ಗಿಡದ ಕೆಳಗೆ ನಿಲ್ಲುತ್ತಿದ್ದ ಗಾಡಿಗಳಿದ್ದವು. ನಾನೂ ಹಾಗೆ ನಿಲ್ಲಿಸಿದವನೇ.

ಅಕ್ಕ ನೀಲವ್ವ ಗಜೇಂದ್ರಗಡದಲ್ಲಿ ಆಶಾ ಕಾರ್ಯಕರ್ತೆ. ಅವಳ ಲೆಕ್ಕ ಬೇರೆ: ದಿನಕ್ಕೆ ಎಷ್ಟು ಮನೆ ನೋಡಿದೆ ಎಂದು ಕೇಳುತ್ತಿದ್ದರು. ಅವಳದು ಯಾವಾಗಲೂ ಕಡಿಮೆ. ನೇಕಾರರ ಮಗ್ಗ ನೆಲ ಅಗೆದು ಮಾಡಿದ ಕುಣಿಯಲ್ಲಿರುತ್ತದೆ. ಕುಣಿಯಲ್ಲಿ ಕಾಲಿಳಿಸಿ ನೇಯುತ್ತಿರುವವರು ಪ್ರಶ್ನೆಗೆ ಉತ್ತರಿಸಲು ಎದ್ದು ಬರುವುದಿಲ್ಲ. ಅಕ್ಕ ಹುಟ್ಟಿದ್ದು ನೇಕಾರರ ಮನೆಯಲ್ಲಿಯೇ. ಕುಣಿಯ ದಂಡೆಗೆ ಕುಳಿತು, ಹರಿದ ಎಳೆಗಳನ್ನು ಗಂಟು ಹಾಕಿಕೊಡುತ್ತ, ಮನೆಯಲ್ಲಿ ಯಾರು ಕೆಮ್ಮುತ್ತಾರೆ, ಯಾರಿಗೆ ಊಟ ಸೇರುತ್ತಿಲ್ಲ ಎಂದು ಕೇಳುತ್ತಿದ್ದಳು.

“ನೀಲವ್ವಾ, ನೀ ಮನಿ ಎಣಸ್ತೀಯೋ, ಸೀರಿ ನೇಯ್ತೀಯೋ?” ಎಂದು ಮೇಲಿನವರು ಒಮ್ಮೆ ಗದರಿದ್ದರಂತೆ.

“ಎರಡೂ ಮಾಡ್ತೀನ್ರಿ. ಪಗಾರಾನೂ ಎರಡು ಕೊಡ್ರಿ” ಎಂದಿದ್ದಳಂತೆ ಇವಳು.

ಶ್ರಾವಣದ ಒಂದು ಜಿಟಿಜಿಟಿ ಮಳೆಯ ದಿನ ನಾವು ಇಟಗಿಯಲ್ಲಿದ್ದೆವು. ಜೀಪು ಕಂಡ ಕೂಡಲೇ ಜನ ಹೊಲದ ಕಡೆ ಸರಿಯುತ್ತಿದ್ದರು. ಸ್ವ್ಯಾಬ್ ಕೊಟ್ಟರೆ ಹಿಡಿದುಕೊಂಡು ಹೋಗುತ್ತಾರೆ ಎಂಬ ಹೆದರಿಕೆ. ಹಿಂದಿನ ದಿನವಷ್ಟೇ ನಮ್ಮ ಗಾಡಿ ಕೆಂಪಾಗಿತ್ತು. ಸಂಜೆ ವಾಪಸ್ ಹೊರಡುವಾಗ ಪ್ರಕಾಶ ಟ್ಯೂಬು ಎಣಿಸಿದರು.

“ಅಣ್ಣಾರ, ಒಂದ ಕಡಿಮಿ ಬಿತ್ರಿ.”

“ನಂದ ತಗೋ.”

“ನಿಮ್ದು ಮೊನ್ನೆರ ತಗೊಂಡೀನ್ರಿ. ಮತ್ತ ಅದ ಹೆಸರು ಕಂಡ್ರ ಹಿಡೀತಾರ.”

“ಹೆಸರು ಬ್ಯಾರೇದ ಹಾಕು. ಮೂಗು ನಂದಿರ್ಲಿ.”

ಪ್ರಕಾಶ “ಯಾರ ಹೆಸರ್ರಿ?” ಎಂದು ಕೇಳಿದರು. ಹೆಸರಿನ ಜೊತೆ ಮೊಬೈಲ್ ನಂಬರೂ ಬೇಕಿತ್ತು. ನನಗೆ ಬಾಯಿಪಾಠ ಇದ್ದದ್ದು ಒಂದೇ ನಂಬರು, ಅಕ್ಕನದು. ಅವಳ ಹೆಸರನ್ನೂ ಆ ನಂಬರನ್ನೂ ಹೇಳಿದೆ. ಮೈಯಲ್ಲಿ ಏನೂ ಇಲ್ಲದವನು, ನೆಗೆಟಿವ್ ಬರುತ್ತದೆ, ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡೆ. ಆ ಸಂಜೆ ಗೋಡೆಯ ಮೇಲೆ ನಮ್ಮ ಗಾಡಿ ಹಸಿರಾಗಿತ್ತು.

ರಿಪೋರ್ಟ್ ಪಾಸಿಟಿವ್ ಬಂತು.

ಮೈತುಂಬ ನೀಲಿ ಕವಚ ತೊಟ್ಟವರು ಅಕ್ಕನ ಮನೆಯ ಮುಂದೆ ಇಳಿದರು. ಓಣಿಯ ಎರಡೂ ಕಡೆ ಬಿದಿರಿನ ಗಳ ಕಟ್ಟಿದರು. “ನನಗ ಯಾರೂ ಟೆಸ್ಟ ಮಾಡಿಲ್ರೀ” ಎಂದು ಅಕ್ಕ ಹೇಳಿದಳು. “ಎಲ್ಲಾರೂ ಹಿಂಗ ಅಂತಾರವ್ವಾ, ಗಾಡಿ ಹತ್ತು” ಎಂದರು ಬಂದವರು. ಓಣಿಯವರೆಲ್ಲ ನೋಡುತ್ತಿದ್ದರಂತೆ. ಆಂಬುಲೆನ್ಸ್ ಹತ್ತಿದ ಮೇಲೆ ಅವಳು ನನಗೆ ಫೋನ್ ಮಾಡಿದಳು.

“ತಮ್ಮಾ, ನೀ ಅದ ಕೆಲಸದಾಗ ಇದ್ದಿಯಲ್ಲ. ಒಂದೀಟು ಕೇಳಿ ನೋಡೋ. ಎಲ್ಲೋ ತಪ್ಪಾಗೇತಿ.”

“ಕೇಳ್ತೀನಿ ಅಕ್ಕಾ” ಎಂದೆ. ಮರುದಿನ ಮತ್ತೆ ಮಾಡಿದಳು. “ಕೇಳಿದೆ. ರಿಪೋರ್ಟ ಖರೇ ಐತಂತ” ಎಂದೆ. ಯಾರನ್ನೂ ಕೇಳಿರಲಿಲ್ಲ.

ಅಷ್ಟರಲ್ಲಿ ನನಗೆ ಡೀಸೆಲ್ ವಾಸನೆ ಹತ್ತುವುದು ನಿಂತಿತ್ತು. ಸೊಂಟ ಹಿಡಿದಿದೆ ಎಂದು ಸುಳ್ಳು ಹೇಳಿ, ಜೀಪಿನ ಕೀಲಿ ಬೇರೆಯವರಿಗೆ ಕೊಟ್ಟು, ರೋಣದ ನನ್ನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡೆ. ಪ್ರಕಾಶ ಫೋನ್ ಮಾಡಿ, “ಅಣ್ಣಾರ, ಹೇಳಿಬಿಡೋಣೇನ್ರಿ?” ಎಂದರು. “ಇಬ್ಬರ ಕೆಲಸಾನೂ ಹೋಗತೈತಿ. ಸುಮ್ಮನಿರು” ಎಂದೆ. ರೋಗವಿದ್ದ ನಾನು ಒಬ್ಬನೇ ಕೋಣೆಯಲ್ಲಿದ್ದೆ. ರೋಗವಿಲ್ಲದ ಅಕ್ಕ ಕೋವಿಡ್ ಕೇಂದ್ರದಲ್ಲಿ ರೋಗಿಗಳ ನಡುವೆ ಇದ್ದಳು. ಅವಳಿಗೆ ಅಲ್ಲಿ ಏನೂ ತಗಲಲಿಲ್ಲ. ಅದು ಅವಳ ಪುಣ್ಯ, ನನ್ನದಲ್ಲ.

ಅವಳು ಮನೆಗೆ ಬಂದಾಗ ಓಣಿ ಬದಲಾಗಿತ್ತು. ಮನೆಮನೆಗೆ ಹೋಗುವವಳೇ ಮನೆಮನೆಗೆ ರೋಗ ಹಂಚಿದಳು ಎಂದು ಜನ ಮಾತಾಡಿಕೊಂಡಿದ್ದರು. ಎದುರು ಮನೆಯ ಗಂಗವ್ವ ಬಾಗಿಲಲ್ಲೇ ಕೈ ಅಡ್ಡ ಹಿಡಿದು, “ಅಲ್ಲೇ ನಿಂದ್ರವಾ. ನಮ್ಮ ನೂಲಿಗೆ ಕೈ ಹಚ್ಚಬ್ಯಾಡ” ಎಂದಳು. ಅಕ್ಕ ಹೊಸ್ತಿಲ ಹೊರಗೆ ನಿಂತು ಪ್ರಶ್ನೆ ಕೇಳತೊಡಗಿದಳು. ಒಳಗಿನಿಂದ “ಎಲ್ಲಾರೂ ಆರಾಮದೇವಿ” ಎಂಬ ಒಂದೇ ಉತ್ತರ. ಒಂದು ಮನೆಗೆ ಎರಡು ನಿಮಿಷ ಸಾಕಾಯಿತು. ಆ ತಿಂಗಳು ಅವಳ ಪ್ರೊಡಕ್ಟಿವಿಟಿ ಏರಿತೆಂದು ಮೇಲಿನವರು ಮೀಟಿಂಗಿನಲ್ಲಿ ಅವಳನ್ನು ಹೊಗಳಿದರು.

ಅದೇ ತಿಂಗಳು ಗಂಗವ್ವನ ಮಾವ ಸಂಗಪ್ಪಜ್ಜನಿಗೆ ಜ್ವರ, ಕೆಮ್ಮು ಬಂದವು. ಅಕ್ಕನಿಗೆ “ಆರಾಮ” ಎಂದೇ ಹೇಳಿದರು. ಉಸಿರಾಡುವುದು ಕಷ್ಟವಾದ ಮೇಲೆ ದವಾಖಾನೆಗೆ ಒಯ್ದರು. ಅಜ್ಜ ಉಳಿಯಲಿಲ್ಲ. ಮೊದಲೇ ಒಯ್ದಿದ್ದರೆ ಉಳಿಯುತ್ತಿದ್ದರೋ ಇಲ್ಲವೋ ನಾನು ಹೇಳಲಾರೆ. ಅಕ್ಕ ಕುಣಿಯ ದಂಡೆಗೆ ಕುಳಿತಿದ್ದರೆ ಅವರ ಕೆಮ್ಮು ಅವಳಿಗೆ ಕೇಳಿಸುತ್ತಿತ್ತು ಎಂಬುದನ್ನು ಮಾತ್ರ ಹೇಳಬಲ್ಲೆ. ಗಂಗವ್ವ ಮಾತ್ರ ಅಜ್ಜನಿಗೆ ರೋಗ ತಂದವಳು ನೀಲವ್ವನೇ ಎಂದು ನಂಬಿದಳು.

ಕೊರೊನಾ ಮುಗಿಯಿತು. ನಾನು ಈಗ ಬೇರೆ ಗಾಡಿ ಓಡಿಸುತ್ತೇನೆ. ಕಾಲ ಕಳೆದಂತೆ ಓಣಿಯ ಹೆಚ್ಚಿನ ಮನೆಗಳು ಅಕ್ಕನಿಗೆ ತೆರೆದವು. ಗಂಗವ್ವನ ಮನೆ ಮತ್ತು ಅವಳ ಬಳಗದ ಮನೆಗಳು ತೆರೆಯಲಿಲ್ಲ. ಈ ವರ್ಷ ಬಿ.ಪಿ., ಶುಗರ್ ಪರೀಕ್ಷೆಯ ಸಮೀಕ್ಷೆ ಬಂತು. ಇದರಲ್ಲಿ ಬಾಗಿಲಲ್ಲಿ ನಿಂತು ಕೇಳಿದರೆ ನಡೆಯದು, ಒಳಗೆ ಹೋಗಿ ತೋಳಿಗೆ ಪಟ್ಟಿ ಕಟ್ಟಬೇಕು. ಒಂದು ಭಾನುವಾರ ಅವಳ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಅಕ್ಕ ಹೇಳಿದಳು:

“ಮತ್ತ ನನ್ನ ಪ್ರೊಡಕ್ಟಿವಿಟಿ ಕಡಿಮಿ ಆಗೇತಿ ನೋಡೋ. ಈ ಸಲ ಕೆಲಸಾನ ಬಿಡು ಅಂತ ಹೇಳಾಕತ್ತಾರ. ಆ ಮನಿಗೋಳು ನನ್ನ ಒಳಗ ಬಿಟ್ಟುಕೊಂಡ್ರ ಅಲ್ಲೇನು?”

ಬಟ್ಟಲು ಕೆಳಗಿಟ್ಟೆ. ಇಟಗಿಯ ಸಂಜೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅಕ್ಕ ಅಳಲಿಲ್ಲ, ಬೈಯಲಿಲ್ಲ. ಕೇಳಿದಳು:

“ಇದನ್ನ ನನಗ್ಯಾಕ ಹೇಳ್ತೀ? ನನ್ನ ಮೂಗಿಗೆ ಯಾರೂ ಕಡ್ಡಿ ಹಾಕಿಲ್ಲಂತ ನನಗ ಅವತ್ತ ಗೊತ್ತಿತ್ತು. ಗೊತ್ತಿರಲಾರದವರು ಎದುರು ಮನ್ಯಾಗದಾರ.”

ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಎಣಿಕೆ ಕೇಳಿದರೆ ಎಣಿಕೆ ಸಿಗುತ್ತದೆ. ಹೇಗಾದರೂ ಮಾಡಿ ಜನ ಅದನ್ನು ತಂದುಕೊಡುತ್ತಾರೆ. ಎಣಿಕೆಯ ಹಿಂದೆ ಯಾರ ಮೂಗಿದೆ, ಯಾರ ಮನೆಯಿದೆ ಎಂದು ಯಾರಾದರೂ ಕೇಳಬೇಕು. ಆದರೆ ನನ್ನ ತಪ್ಪನ್ನು ಇದರ ಹಿಂದೆ ಮುಚ್ಚಿಡುವುದು ಸರಿಯಲ್ಲ. ನೂರು ತಾ ಎಂದವರು ಅಕ್ಕನ ಹೆಸರು ಹೇಳಿರಲಿಲ್ಲ. ಅವಳ ಫೋನಿಗೆ ಸುಳ್ಳು ಹೇಳು ಎಂದೂ ಹೇಳಿರಲಿಲ್ಲ.

ಓಣಿ ದಾಟಿ ಗಂಗವ್ವನ ಮನೆಗೆ ಹೋದೆ. ಅಕ್ಕ ಹಿಂದೆ ಬಂದು ಹೊಸ್ತಿಲ ಹೊರಗೇ ನಿಂತಳು, ರೂಢಿಯಂತೆ. ಗಂಗವ್ವ ಮಗ್ಗದಲ್ಲಿದ್ದಳು. ನಾನು ಸಣ್ಣ ದನಿಯಲ್ಲಿ ಎಲ್ಲ ಹೇಳುತ್ತ ಹೋದಂತೆ ಅವಳ ಕೈ ನಿಧಾನವಾಗಿ, ಕೊನೆಗೆ ನಿಂತಿತು. ಅವಳು ನನ್ನನ್ನು ನೋಡಲಿಲ್ಲ, ಬಾಗಿಲ ಕಡೆ ನೋಡಿದಳು.

“ಆಕೀನ ನಾ ಓಣ್ಯಾಗ ನಿಂತು ಬೈದೇನಿ, ಎಲ್ಲಾರಿಗೂ ಕೇಳೂ ಹಂಗ” ಎಂದಳು. “ನೀವೂ ಹೊರಗ ನಿಂತು ಜೋರಾಗಿ ಹೇಳ್ರಿ. ಬಾಜೂ ಮನಿಗೂ ಕೇಳ್ಲಿ.”

ಹೊರಗೆ ಬಂದು ಅಕ್ಕನ ಪಕ್ಕದಲ್ಲಿ ನಿಂತೆ. ಎಷ್ಟೋ ಮನೆಗಳಲ್ಲಿ ಮಗ್ಗ ನಡೆದಿತ್ತು. ಅದರ ಸದ್ದಿನ ಮೇಲೆ ಕೇಳುವಂತೆ ದನಿ ಎತ್ತಬೇಕಾಯಿತು.

“ಅವತ್ತ ಬ್ಯಾನಿ ಇದ್ದದ್ದು ನನಗರೀ, ನಮ್ಮ ಅಕ್ಕಗಲ್ಲ! ಆಕಿ ನಿಮ್ಮ ಮನಿಗೆ ಏನೂ ತಂದಿಲ್ಲ. ನನ್ನ ಸ್ವ್ಯಾಬಿಗೆ ಆಕಿ ಹೆಸರು ಹಾಕಿಸಿದಾಂವ ನಾನ, ಗೊತ್ತಿದ್ದೂ ಸುಮ್ಮನಿದ್ದಾಂವ ನಾನ. ತಪ್ಪಾತ್ರಿ. ಅಕ್ಕಾ, ನಂದು ತಪ್ಪಾತು.”