ಟೇಪಕ್ಕನ ಕಣ್ಣಳತೆ

ಬೆಟ್ಟ ಹತ್ತುವವರಿಗೆ ಬೇಕಾದ ಸಾಮಾನು ಮಾರುವ ನಮ್ಮ ಅಂಗಡಿಯಲ್ಲಿ ನಾನು ಶೂಗಳ ಕಡೆ ಇದ್ದೆ, ಟೇಪಕ್ಕ ಪ್ಯಾಂಟುಗಳ ಕಡೆ. ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಆಳೆತ್ತರದ ಕನ್ನಡಿ, ಒಂದು ಮರದ ಕುರ್ಚಿ. ಅವಳ ಕೊರಳಲ್ಲಿ ಹಳದಿ ಟೇಪು ಸದಾ ನೇತಾಡುತ್ತಿತ್ತು. ಹೆಸರು ಬಂದದ್ದು ಅದರಿಂದ. ಆದರೆ ಅದನ್ನು ಅವಳು ಬಳಸಿದ್ದು ತೀರಾ ಕಡಿಮೆ. ಬಾಗಿಲು ತಳ್ಳಿಕೊಂಡು ಬಂದವರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, "ಸೊಂಟ ಮೂವತ್ನಾಲ್ಕು, ಉದ್ದ ಮೂವತ್ತೊಂದು" ಎಂದರೆ ಮುಗಿಯಿತು. ನಂಬದವರು ಅಳತೆ ಹಿಡಿಸಿ ನೋಡಿ ಪೆಚ್ಚಾಗುತ್ತಿದ್ದರು.

ಸಾಫ್ಟ್‌ಶೆಲ್ ಪ್ಯಾಂಟ್ ಆರಿಸುವುದರಲ್ಲಿ ಅವಳನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಹಿಗ್ಗಿ ಕುಗ್ಗುವ, ಗಾಳಿ ತಡೆಯುವ, ಬೆವರು ಹೊರಬಿಡುವ ಬಟ್ಟೆ ಅದು. ಗಿರಾಕಿಗಳು ಸಾಮಾನ್ಯವಾಗಿ ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನೆಟ್ಟಗೆ ನಿಲ್ಲುತ್ತಾರೆ, ಒಂದು ಸಲ ಬಲಕ್ಕೆ ಒಂದು ಸಲ ಎಡಕ್ಕೆ ತಿರುಗಿ "ಚೆನ್ನಾಗಿದೆ" ಅನ್ನುತ್ತಾರೆ. ಟೇಪಕ್ಕ ಬಿಡುತ್ತಿರಲಿಲ್ಲ.

"ಬೆಟ್ಟದ ಮೇಲೆ ಫೋಟೋ ಸ್ಟುಡಿಯೋ ಇದೆಯಾ? ಕಾಲೆತ್ತಿ ಕುರ್ಚಿ ಮೇಲಿಡಿ."

ಇಟ್ಟರೆ, ಮಂಡಿಯ ಮೇಲೆ ಬಟ್ಟೆ ಬಿಗಿಯಾಯಿತೋ ನೋಡುತ್ತಿದ್ದಳು. ಆಮೇಲೆ ಕುಕ್ಕರಗಾಲಲ್ಲಿ ಕೂರಿಸುತ್ತಿದ್ದಳು, ಹಿಂದೆ ಸೊಂಟ ಕೆಳಗೆ ಜಾರುತ್ತದೋ ನೋಡಲು. ಬಂಡೆ ಹತ್ತುವವರಾದರೆ ಹಗ್ಗ ಸಿಕ್ಕಿಸುವ ಹಾರ್ನೆಸ್ಸನ್ನು ಮೇಲೆ ಕಟ್ಟಿಸಿ, ಜೇಬು ಅದರ ಪಟ್ಟಿಯಡಿ ಸಿಕ್ಕಿಕೊಳ್ಳುತ್ತದೋ ಎಂದು ಕೈ ಹಾಕಿಸುತ್ತಿದ್ದಳು. ಪಾದದ ಹತ್ತಿರ ಅಗಲವಾಗಿದ್ದರೆ ಆ ಪ್ಯಾಂಟ್ ವಾಪಸ್ ಶೆಲ್ಫಿಗೆ. "ಹತ್ತೋವಾಗ ನಿಮ್ಮ ಕಾಲು ನಿಮಗೆ ಕಾಣ್ಬೇಕು. ಇಲ್ಲ ಅಂದ್ರೆ ಯಾರ ಕಾಲು ನೋಡ್ತೀರಿ?"

"ಮಳೇಲಿ ನೆನೆಯಲ್ಲ ತಾನೆ?" ಎಂದು ಎಲ್ಲರೂ ಕೇಳುವರು.

"ಹನಿ ಬಿದ್ರೆ ಜಾರಿ ಹೋಗುತ್ತೆ, ಸುರಿದ್ರೆ ನೆನೆಯುತ್ತೆ. ಆದ್ರೆ ಬೇಗ ಒಣಗುತ್ತೆ. ಒಂಚೂರೂ ನೆನೀಬಾರ್ದು ಅಂದ್ರೆ ಮೇಲೊಂದು ಮಳೆ ಪ್ಯಾಂಟ್ ಹಾಕ್ಕೊಳ್ಳಿ. ಅದೂ ಬೇಡ ಅಂದ್ರೆ ಮನೇಲಿ ಬೆಚ್ಚಗೆ ಮಲಗಿ."

ಅವಳು ಅಂಗಡಿಗೆ ಬಂದದ್ದು ಹಿಂದಿನ ಕೋಣೆಯಲ್ಲಿ ಕಾಲುದ್ದ ಕತ್ತರಿಸಿ ಹೊಲಿಯಲು. ಪರದೆಯ ಸಂದಿನಿಂದ ತಲೆ ಹೊರಗೆ ಹಾಕಿ, "ಅದು ಅವ್ರಿಗೆ ಆಗಲ್ಲ, ಮೂವತ್ತಾರು ಕೊಡಿ" ಎಂದು ಕೂಗಿ ಕೂಗಿ, ಕೊನೆಗೆ ಯಜಮಾನರೇ, "ತಾಯಿ, ನೀನೇ ಹೊರಗೆ ಬಾ" ಅಂದರಂತೆ.

ಅವಳ ಗಂಡ ಸಿಟಿ ಬಸ್ ಡ್ರೈವರ್. ನಮಗೆಲ್ಲ ಅವರು ಭಾವ. ಇಪ್ಪತ್ತೆಂಟು ವರ್ಷ ಸೀಟಿನ ಮೇಲೆ ಕೂತು ಕೂತು ಸೊಂಟ ನಲವತ್ತೆರಡು ಇಂಚಿಗೆ ಬಂದು ನಿಂತಿತ್ತು. "ನಂಗೂ ಸ್ಟೀರಿಂಗಿಗೂ ನಡುವೆ ಮೂರನೆಯವರಿಗೆ ಜಾಗ ಇಲ್ಲ" ಎಂದು ಅವರೇ ನಗುತ್ತಿದ್ದರು. ರಕ್ತದೊತ್ತಡ ಹೀಗೇ ಇದ್ದರೆ ಬಸ್ ಓಡಿಸಲು ಬಿಡುವುದಿಲ್ಲ ಎಂದು ಡಿಪೋದ ಡಾಕ್ಟರ್ ಗದರಿಸಿದ ಮೇಲೆ, ಭಾನುವಾರ ಬೆಟ್ಟಕ್ಕೆ ಹೋಗುವ ಗುಂಪೊಂದನ್ನು ಸೇರಿಕೊಂಡರು. ಮೊದಲ ದಿನ ಜೀನ್ಸ್ ಹಾಕಿಕೊಂಡು ಹೋಗಿ, ಮಳೆಯಲ್ಲಿ ತೊಪ್ಪೆಯಾಗಿ, ತೊಡೆ ಉಜ್ಜಿ ಕೆಂಪಾಗಿ, ಬಾತುಕೋಳಿಯ ಹಾಗೆ ನಡೆಯುತ್ತ ಸೋಮವಾರ ಅಂಗಡಿಗೆ ಬಂದರು.

"ನಾನು ಊರಿಗೆಲ್ಲ ಪ್ಯಾಂಟ್ ಕೊಡ್ತೀನಿ, ನೀವು ಜೀನ್ಸ್ ಹಾಕ್ಕೊಂಡು ಹೋಗಿದ್ದೀರಲ್ಲ, ನನ್ನ ಮಾನ ಏನಾಗ್ಬೇಕು ರೀ?"

"ಮಾನ ಆಮೇಲೆ ಕಣೇ, ಮೊದ್ಲು ತೊಡೆ ನೋಡ್ಕೋ."

ಅಂಗಡಿಯವರೆಲ್ಲ ನಕ್ಕೆವು. ಭಾವನಿಗೆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಪ್ಯಾಂಟ್ ಬೇಕಿತ್ತು. ಟೇಪಕ್ಕ ಬೂದು ಬಣ್ಣದ್ದೇ ಕೊಟ್ಟಳು.

ಬೆಟ್ಟ ಅವರನ್ನು ಹಿಡಿದುಕೊಂಡಿತು. ವರ್ಷ ಕಳೆಯುವುದರೊಳಗೆ ಸೊಂಟ ಮೂವತ್ತೆಂಟಕ್ಕೆ, ಆಮೇಲೆ ಮೂವತ್ತಾರಕ್ಕೆ ಇಳಿಯಿತು. ರಕ್ತದೊತ್ತಡವೂ ಇಳಿಯಿತು. ಐವತ್ತನಾಲ್ಕನೆಯ ವಯಸ್ಸಿನಲ್ಲಿ ಹಗ್ಗ ಕಟ್ಟಿಕೊಂಡು ಬಂಡೆ ಹತ್ತುವುದನ್ನು ಕಲಿಯತೊಡಗಿದರು. ಹತ್ತಿದ್ದು ಹತ್ತಡಿ, ಮನೆಗೆ ಬಂದು ಹೇಳುತ್ತಿದ್ದದ್ದು ನೂರಡಿ. ಟೇಪಕ್ಕ ಅವರ ಫೋಟೋವನ್ನು ಕನ್ನಡಿಯ ಅಂಚಿಗೆ ಸಿಕ್ಕಿಸಿ, ದಪ್ಪಗಿದ್ದ ಗಿರಾಕಿಗಳಿಗೆ ತೋರಿಸುತ್ತಿದ್ದಳು. "ನಮ್ಮನೆಯವ್ರು. ನಲವತ್ತೆರಡು ಇದ್ರು. ಈಗ ನೋಡಿ!"

ಮರುವರ್ಷ ಫೆಬ್ರವರಿಯಲ್ಲಿ ಪ್ಯಾಂಟ್ ಮತ್ತೆ ಸಡಿಲವಾಯಿತು. ಅವಳು ಹಾಡು ಗುನುಗುತ್ತ ಸೊಂಟವನ್ನು ಎರಡು ಇಂಚು ಒಳಗೆ ಹಿಡಿದು ಹೊಲಿದಳು. ಏಪ್ರಿಲ್ ಕೊನೆಗೆ ಒಂದೂವರೆ ಇಂಚು. "ಭಾವ, ಇಪ್ಪತ್ತು ವರ್ಷ ಚಿಕ್ಕವರಾಗಿಬಿಟ್ರಲ್ಲ!" ಎಂದು ನಾನೇ ಬೆನ್ನು ತಟ್ಟಿದ್ದೆ. ಬೆನ್ನಿನ ಮೂಳೆ ಕೈಗೆ ಸಿಕ್ಕಿತ್ತು. ಗಟ್ಟಿಯಾಗಿದ್ದಾರೆ ಅಂದುಕೊಂಡೆ.

ಆಗಲೇ ಅವರು ತಟ್ಟೆಯಲ್ಲಿ ಊಟ ಬಿಡತೊಡಗಿದ್ದರಂತೆ. "ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗಾಗುತ್ತೆ ಕಣೇ." ಬಾಯಿ ಕಟ್ಟುತ್ತಿದ್ದಾರೆ ಎಂದು ಅವಳು ಸಂತೋಷಪಟ್ಟಳು. ಬೆನ್ನು ನೋಯುತ್ತದೆ ಅಂದರು. ಬಂಡೆ ಹತ್ತಿದ್ದಕ್ಕೆ ಅಂದುಕೊಂಡಳು. ಜೂನ್‌ನಲ್ಲಿ ಮತ್ತೆರಡು ಇಂಚು ಒಳಗೆ ಹೊಲಿದು ಕೊಟ್ಟಾಗ ಹೊಕ್ಕುಳ ಮೇಲೆ ಕೈಯಿಟ್ಟು, "ಇಲ್ಲಿ ಏನೋ ಒತ್ತುತ್ತೆ" ಎಂದರು.

ಟೇಪಕ್ಕ ಬಗ್ಗಿ ನೋಡಿದಳು. ಅಲ್ಲಿ ಪ್ಯಾಂಟಿನ ಲೋಹದ ಗುಂಡಿ ಇತ್ತು.

ಬೆನ್ನ ಚೀಲದ ಪಟ್ಟಿ ಕಟ್ಟಿದಾಗ ಗುಂಡಿ ಹೊಟ್ಟೆಗೆ ಒತ್ತುವುದು ಎಲ್ಲರ ದೂರು. ಅವಳು ಮಾರನೆಯ ದಿನ ಅರ್ಧ ಗಂಟೆ ಶೆಲ್ಫೆಲ್ಲ ಜಾಲಾಡಿ, ಗುಂಡಿಯಿಲ್ಲದ, ಮೆತ್ತನೆಯ ಎಲಾಸ್ಟಿಕ್ ಸೊಂಟದ ಪ್ಯಾಂಟ್ ಹುಡುಕಿ ಒಯ್ದಳು. ಭಾವ ಹಾಕಿಕೊಂಡು, ಅವಳ ಮುಖ ನೋಡಿ, "ಹ್ಞೂಂ, ಈಗ ಪರವಾಗಿಲ್ಲ" ಅಂದರು.

ಆಗಸ್ಟ್‌ನಲ್ಲಿ ಒಂದು ಭಾನುವಾರ ಅವರು ಏರು ದಾರಿಯ ನಡುವೆ ಕೂತುಬಿಟ್ಟರು. ಗುಂಪಿನವರು ಹೆಗಲು ಕೊಟ್ಟು ಇಳಿಸಿಕೊಂಡು ಬಂದರು. ವಾರದೊಳಗೆ ಪರೀಕ್ಷೆಗಳೆಲ್ಲ ಆದವು. ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ, ಯಕೃತ್ತಿಗೂ ಹರಡಿತ್ತು.

ಡಾಕ್ಟರ್ ಕಾಗದದ ಮೇಲೆ ಬರೆಯುತ್ತ ಕೇಳಿದರು, "ಯಾವಾಗಿಂದ ಸಣ್ಣ ಆಗ್ತಿದಾರಮ್ಮ? ಅಂದಾಜು ಹೇಳಿ."

"ಫೆಬ್ರವರೀಲಿ ಎರಡಿಂಚು. ಏಪ್ರಿಲ್ ಕೊನೇಲಿ ಒಂದೂವರೆ. ಜೂನ್ ಎರಡನೇ ವಾರ ಮತ್ತೆರಡು."

ಡಾಕ್ಟರ್ ಪೆನ್ನು ಎತ್ತಿದರು. "ಇಷ್ಟು ಕರೆಕ್ಟಾಗಿ ಹೇಗೆ ಗೊತ್ತು?"

"ನಾನೇ ಹೊಲಿದೆ."

ಇದನ್ನೆಲ್ಲ ಆಮೇಲೆ ಅವಳೇ ನನಗೆ ಹೇಳಿದಳು, ಅಳತೆ ಒಪ್ಪಿಸುವ ಹಾಗೆ. ಫೆಬ್ರವರಿಯಲ್ಲೇ ಬಂದಿದ್ದರೂ ಹೆಚ್ಚೇನೂ ಮಾಡಲಾಗುತ್ತಿರಲಿಲ್ಲ ಎಂದು ಡಾಕ್ಟರ್ ಸಮಾಧಾನ ಹೇಳಿದರಂತೆ. "ಅವ್ರು ಒಳ್ಳೆಯವ್ರು, ಹಾಗೆ ಹೇಳ್ತಾರೆ" ಅಂದಳು ಟೇಪಕ್ಕ.

ಆಸ್ಪತ್ರೆಯ ಮೆಟ್ಟಿಲ ಹತ್ತಿರ ಅವಳ ನಾದಿನಿ ಕಾಯುತ್ತಿದ್ದಳು. ಭಾವನ ಒಬ್ಬಳೇ ತಂಗಿ, ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ. ಅತ್ತಿಗೆಯ ಪಕ್ಕದ ಬೀದಿಯಲ್ಲೇ ಮನೆ. ಇಪ್ಪತ್ತೈದು ವರ್ಷದಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಗಟ್ಟಿಯಾಗಿ ಮಾತಾಡಿದವರಲ್ಲ. ವಿಷಯ ಕೇಳಿ ನಾದಿನಿ ಅಂದಳು:

"ಊರವರ ಸೊಂಟ ಎಲ್ಲ ಬಾಗಿಲಲ್ಲೇ ಅಳೀತೀಯಲ್ಲ ಅತ್ತಿಗೆ. ಮಗ್ಗುಲಲ್ಲಿ ಮಲಗಿದ್ದೋನು ಕರಗಿ ಹೋಗ್ತಿರೋದು ನಿಂಗೆ ಕಾಣ್ಲಿಲ್ವಾ?"

ಅಂದಿನಿಂದ ಇಬ್ಬರ ನಡುವೆ ಔಷಧಿಯ ಹೊತ್ತು, ಹಾಲಿನ ಪಾತ್ರೆ, ಬೀಗದ ಕೈ ಇಷ್ಟಕ್ಕೆ ಮಾತ್ರ ಮಾತು ಉಳಿಯಿತು.

ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ಭಾವ ಅಂಗಡಿಗೆ ಬಂದರು. ಟ್ಯಾಕ್ಸಿಯವನ ತೋಳು ಹಿಡಿದು, ನಿಂತು ನಿಂತು, ಬಾಗಿಲಿಂದ ಕುರ್ಚಿಯವರೆಗೆ ಬರಲು ಮೂರು ನಿಮಿಷ ಬೇಕಾಯಿತು. ಟೇಪಕ್ಕ ಓಡಿ ಹೋದಳು.

"ಯಾಕ್ರೀ ಬಂದ್ರಿ? ಯಾರು ಬಿಟ್ರು ನಿಮ್ಮನ್ನ?"

"ಅಂಗಡಿ ಅಲ್ವೇನೇ ಇದು? ಪ್ಯಾಂಟ್ ಬೇಕು. ಇರೋದೆಲ್ಲ ಬಿದ್ದು ಹೋಗುತ್ತೆ. ಗಿರಾಕಿ ಅನ್ಕೊಂಡು ತೋರ್ಸು."

ಅವಳು ಅವರನ್ನೇ ನೋಡುತ್ತ ನಿಂತಳು. ಅಳತೆ ಹೇಳುತ್ತಾಳೆ ಎಂದು ನಾನು ಕಾದೆ. ಹೇಳಲಿಲ್ಲ. ಕೊರಳಿನಿಂದ ಟೇಪು ತೆಗೆದು, ಮೊಣಕಾಲೂರಿ, ಗಂಡನ ಸೊಂಟಕ್ಕೆ ಸುತ್ತಿದಳು. ಅಂಕಿ ನೋಡಿದಳು. ಮತ್ತೊಮ್ಮೆ ಸುತ್ತಿ ನೋಡಿದಳು.

"ಎಷ್ಟು?" ಎಂದರು ಭಾವ.

"ಮೂವತ್ತು" ಅಂದಳು. ಟೇಪು ಇಪ್ಪತ್ತಾರು ತೋರಿಸುತ್ತಿದ್ದದ್ದು ನನಗೂ ಕಾಣುತ್ತಿತ್ತು.

ಆಮೇಲೆ ಗಿರಾಕಿಗೆ ಕೇಳುವ ಎಲ್ಲವನ್ನೂ ಕೇಳಿದಳು. ನಡೆಯೋಕಾ, ಬಂಡೆ ಹತ್ತೋಕಾ? ಎರಡಕ್ಕೂ. ಚಳಿಗಾ, ಬೇಸಿಗೆಗಾ? "ಮಾರ್ಚ್‌ಗೆ" ಅಂದರು ಭಾವ, "ಗುಂಪಿನವ್ರು ಕೆರೆ ದಾರೀಲಿ ಹೋಗ್ತಾರೆ. ಅದು ಸಲೀಸು." ಜೇಬು ಎಷ್ಟು ಬೇಕು? ತೊಡೆ ಮೇಲೊಂದು ಜಿಪ್ ಜೇಬು ಇದ್ದರೆ ಸಾಕು. ಗಂಡಸರ ಸಾಲಿನ ಅತಿ ಚಿಕ್ಕ ಅಳತೆ ಇಪ್ಪತ್ತೆಂಟರ ಪ್ಯಾಂಟ್ ತಂದು, ಮೂವತ್ತರ ಚೀಟಿಯನ್ನು ಅದಕ್ಕೆ ಸಿಕ್ಕಿಸಿ ತೋರಿಸಿದಳು. ಬಣ್ಣ ಕಿತ್ತಳೆ. ಪರದೆಯ ಹಿಂದೆ ಅವಳೇ ತೊಡಿಸಿದಳು. ಹೊರಬಂದಾಗ ಬಟ್ಟೆ ಕಾಲಿಗೆ ಎಲ್ಲೂ ತಾಗದೆ ಕೆಳಗಿಳಿದಿತ್ತು.

ಭಾವ ಕುರ್ಚಿ ಕಡೆ ನೋಡಿದರು. "ಕಾಲೆತ್ತಬೇಕಲ್ವಾ?"

"ಬೇಡ ರೀ, ಸರಿಯಾಗಿದೆ."

"ಎಲ್ಲರನ್ನೂ ಎತ್ತಿಸ್ತೀಯಂತೆ."

ಅವರು ಎತ್ತಲು ನೋಡಿದರು. ಹಿಮ್ಮಡಿ ನೆಲ ಬಿಟ್ಟಿತು, ಅಷ್ಟೇ. ಟೇಪಕ್ಕ ಬಗ್ಗಿ ಎರಡೂ ಕೈಯಲ್ಲಿ ಅವರ ಪಾದ ಹಿಡಿದು, ಕೂಸನ್ನು ಎತ್ತುವ ಹಾಗೆ ಎತ್ತಿ, ಕುರ್ಚಿಯ ಮೇಲಿಟ್ಟಳು. ನಾನು ಹಿಂದಿನಿಂದ ಭಾವನನ್ನು ಹಿಡಿದುಕೊಂಡಿದ್ದೆ. ಅವಳು ಮಂಡಿಯ ಮೇಲಿನ ಬಟ್ಟೆಯನ್ನು ಅಂಗೈಯಿಂದ ಸವರಿ, ಎಲ್ಲ ಗಿರಾಕಿಗಳಿಗೂ ಹೇಳುವ ದನಿಯಲ್ಲಿ ಹೇಳಿದಳು, "ಎಳೆಯಲ್ಲ. ಒಳ್ಳೇ ಪ್ಯಾಂಟ್. ತಗೊಳ್ಳಿ."

ಭಾವ ಮಾರ್ಚ್ ನೋಡಲಿಲ್ಲ. ಡಿಸೆಂಬರ್ ಮೊದಲ ವಾರ, ಬೆಳಿಗ್ಗೆ ಹತ್ತರ ಹೊತ್ತಿಗೆ, ಅವಳು ತಲೆದಿಂಬಿನ ಬಟ್ಟೆ ಬದಲಾಯಿಸುತ್ತಿದ್ದಾಗ ಹೋದರು.

ಮೂರು ವಾರಕ್ಕೆ ಟೇಪಕ್ಕ ಕೆಲಸಕ್ಕೆ ಮರಳಿದಳು. ಕನ್ನಡಿಯ ಅಂಚಿನ ಫೋಟೋವನ್ನು ತೆಗೆದಿದ್ದಳು. ಕೆಲಸ ಮೊದಲಿನ ಹಾಗೇ ಮಾಡಿದಳು, ಆದರೆ ತಮಾಷೆ ಇರಲಿಲ್ಲ. ಫೆಬ್ರವರಿಯಲ್ಲಿ ಒಬ್ಬರು ಶಾಲಾ ಮೇಡಂ ಬಂದರು. ಹಿಂದಿನ ವರ್ಷ ನಮ್ಮಲ್ಲೇ ಪ್ಯಾಂಟ್ ಕೊಂಡವರು. ನಗುತ್ತ, "ಎರಡು ಸೈಜ್ ಇಳಿದಿದ್ದೀನಿ, ಗೊತ್ತಾ? ಚಿಕ್ಕದು ಕೊಡಿ" ಎಂದರು.

ಟೇಪಕ್ಕ ಕೈಯಲ್ಲಿದ್ದ ಪ್ಯಾಂಟನ್ನು ಎದೆಗೊತ್ತಿಕೊಂಡಳು. "ಊಟ ಸರಿಯಾಗಿ ಮಾಡ್ತೀರಾ?"

"ಡಯಟ್ ಮಾಡ್ತಿದೀನಿ."

"ಬೆನ್ನು ನೋಯುತ್ತಾ? ಹೊಟ್ಟೇಲಿ ಒತ್ತಿದ ಹಾಗಾಗುತ್ತಾ? ಮೊದ್ಲು ಡಾಕ್ಟರ್ ಹತ್ರ ಹೋಗ್ಬನ್ನಿ. ಆಮೇಲೆ ಪ್ಯಾಂಟ್ ಕೊಡ್ತೀನಿ."

ಮೇಡಂ ಮೊದಲು ನಕ್ಕರು, ಆಮೇಲೆ ಹೆದರಿದರು, ಕೊನೆಗೆ ಸಿಟ್ಟಾಗಿ ಹೊರಟುಹೋದರು. ಹೀಗೆ ಆ ತಿಂಗಳಲ್ಲಿ ನಾಲ್ಕು ಜನ. ಯಜಮಾನರು ಕೆಟ್ಟವರಲ್ಲ. ಅವಳನ್ನು ಪಕ್ಕಕ್ಕೆ ಕರೆದು, ಅವಳ ಮುಖ ನೋಡಲಾರದೆ ನೆಲ ನೋಡುತ್ತ, "ಸ್ವಲ್ಪ ದಿನ ಹಿಂದಿನ ಕೋಣೇಲಿ ಹೊಲಿಗೆ ನೋಡ್ಕೋತೀಯಾ ತಾಯಿ?" ಎಂದರು. ಅವಳು ಟೇಪನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು.

ಒಂದು ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ನಾದಿನಿ ಬಂದಳು. ನಾನೇ ಹಿಂದಿನ ಕೋಣೆಗೆ ಕರೆದುಕೊಂಡು ಹೋದೆ. ಹೊಲಿಗೆ ಯಂತ್ರ ನಿಂತಿತು.

"ಅತ್ತಿಗೆ, ಅವತ್ತು ನಾನು ಆಡಿದ್ದು..."

"ಬಿಡು. ಸುಳ್ಳಾಗಿದ್ರೆ ವಾಪಸ್ ತಗೋ ಅಂತಿದ್ದೆ."

ನಾದಿನಿ ಬಟ್ಟೆಯ ರಾಶಿಯ ಪಕ್ಕ ಕೂತಳು. "ಮೇ ತಿಂಗಳಲ್ಲಿ ಅಣ್ಣನ ಹಳೇ ಶರ್ಟು ಏಳು ನಾನೇ ತಗೊಂಡು ಹೋದೆ. ನಮ್ಮನೆಯವ್ರಿಗೆ ಆಗುತ್ತೆ ಅಂತ. ಅವನ ಮೈಮೇಲೆ ಹಿಡಿದು ನೋಡಿ, 'ಅಯ್ಯೋ ಅಣ್ಣಾ, ಇದರೊಳಗೆ ನಿನ್ನಂಥೋರು ಇಬ್ರು ಹಿಡೀತಾರೆ' ಅಂತ ನಕ್ಕೆ. ಅವನೂ ನಕ್ಕ. ಏಳೂ ಶರ್ಟಿಗೆ ನಾನೇ ಇಸ್ತ್ರಿ ಹಾಕ್ದೆ ಅತ್ತಿಗೆ. ಒಂದೊಂದನ್ನೂ ಹರಡಿಟ್ಕೊಂಡು ಇಸ್ತ್ರಿ ಹಾಕ್ದೆ. ನಂಗೂ ಕಾಣ್ಲಿಲ್ಲ."

ಭಾವ ಹೋದಾಗಲೂ ಅಳದಿದ್ದ ಟೇಪಕ್ಕ ಆಗ ಅತ್ತಳು. ಬಾಯಿಗೆ ಅಡ್ಡ ಹಿಡಿದದ್ದು ಯಾರದೋ ಪ್ಯಾಂಟಿನ ಕಾಲು. ನಾದಿನಿ ಎದ್ದು ಅವಳ ತಲೆಯನ್ನು ಹೊಟ್ಟೆಗೊತ್ತಿಕೊಂಡು ನಿಂತಳು. ನಾನು ಬಾಗಿಲೆಳೆದುಕೊಂಡು ಹೊರಗೆ ಬಂದೆ.

ಈಗಲೂ ಅವಳು ಹಿಂದಿನ ಕೋಣೆಯಲ್ಲೇ ಇದ್ದಾಳೆ. ಮುಂದೆ ಬಾ ಎಂದು ಯಜಮಾನರು ಎರಡು ಸಲ ಕರೆದರು, ಒಲ್ಲೆ ಅಂದಳು. ಲಾಂಡ್ರಿ ಮುಗಿಸಿ ನಾದಿನಿ ದಿನಾ ಆರು ಗಂಟೆಗೆ ಬರುತ್ತಾಳೆ, ಇಬ್ಬರೂ ಒಟ್ಟಿಗೆ ಮನೆಗೆ ನಡೆಯುತ್ತಾರೆ. ದಾರಿಯಲ್ಲಿ ಭಾವನ ಮಾತು ಬರುತ್ತದಾ ಎಂದು ಒಮ್ಮೆ ಕೇಳಿದೆ.

"ಇಲ್ಲಪ್ಪ" ಅಂದಳು. "ಅವಳು ಲಾಂಡ್ರಿ ವಿಷ್ಯ ಹೇಳ್ತಾಳೆ, ಯಾವ ಮನೆ ಬೆಡ್‌ಶೀಟು ಎಷ್ಟು ಕೊಳೆ ಅಂತ. ನಾನು ಹ್ಞೂಂ ಅಂತೀನಿ. ಮನೆ ಬರೋವರೆಗೂ ಹಾಗೇ ಹೇಳ್ತಿರ್ತಾಳೆ, ಪಾಪ."